ಅಳತೆ ತಪ್ಪಾದ್ರೆ ಕನ್ನಡದಲ್ಲೇ ಕೇಳೋಣ

ನೂಲ್ಪುಳದ ನಮ್ಮ ಮನೆಗಳಿಗೆ ತೆರಿಗೆ ನೋಟಿಸ್ ಬರೋದು ಮಲಯಾಳದಲ್ಲಿ. ಓದೋಕಾಗದ ಹಿರಿಯರು ಕೇಳಿದಷ್ಟು ಕಟ್ಟಿ ಬರ್ತಾರೆ. ಕೇರಳದಲ್ಲಿ ಮನೆ ತೆರಿಗೆ ನಿಂತಿರೋದು ಮುಖ್ಯವಾಗಿ ವಿಸ್ತೀರ್ಣ ಮತ್ತು ಬಳಕೆಯ ಮೇಲೆ. 2023ರಿಂದ ವರ್ಷಕ್ಕೆ ಶೇ. 5 ಏರಿಕೆ, ಅಂದ್ರೆ ಅಳತೆಯ ತಪ್ಪೂ ವರ್ಷವರ್ಷ ಬೆಳೆಯುತ್ತೆ. ಸ್ವಂತ ವಾಸದ 60 ಚದರ ಮೀಟರ್, ಅಂದ್ರೆ ಸುಮಾರು 645 ಚದರ ಅಡಿವರೆಗಿನ ಮನೆಗೆ ವಿನಾಯಿತಿಯೂ ಇದೆ.

ಹಾಗಾಗಿ ನಾವೇ ಟೇಪ್ ಹಿಡಿದು ಅಳೆಯೋಣ, ನೋಟಿಸ್ ಜೊತೆ ತಾಳೆ ನೋಡೋಣ. ವ್ಯತ್ಯಾಸ ಇದ್ರೆ ಗಡುವಿನೊಳಗೆ ಪಂಚಾಯತಿಗೆ ಬರೆಯೋಣ. ಸಂವಿಧಾನದ 350ನೇ ವಿಧಿ ಪ್ರಕಾರ ಅಹವಾಲನ್ನು ಕನ್ನಡದಲ್ಲೇ ಕೊಡಬಹುದು. ರಸೀದಿ ಮರೆಯೋದು ಬೇಡ. ನೋಟಿಸೂ ಕನ್ನಡದಲ್ಲಿ ಬರಲಿ ಅನ್ನೋದು ನಮ್ಮ ಬೇಡಿಕೆ. ತೆರಿಗೆ ಕಟ್ಟೋಣ, ಅರ್ಥ ಮಾಡ್ಕೊಂಡು ಕಟ್ಟೋಣ.