ಮಾಲೀಕರಿಲ್ಲದ ದುಡಿಮೆಗೆ ಎರಡನೆಯ ಪಾಲು ಯಾರದು?

ಸ್ವಯಂ ಉದ್ಯೋಗಿಗಳ ಸಾಮಾಜಿಕ ಭದ್ರತೆಯ ಎಲ್ಲ ತೊಡಕುಗಳೂ ಕೊನೆಗೆ ಬಂದು ನಿಲ್ಲುವುದು ವಂತಿಗೆಯ ಎರಡನೆಯ ಪಾಲನ್ನು ಯಾರು ಕಟ್ಟಬೇಕು ಎಂಬಲ್ಲಿ. ನೌಕರನ ವೇತನದಿಂದ ಶೇ 12ರಷ್ಟು ಭವಿಷ್ಯನಿಧಿಗೆ ಹೋದರೆ ಮಾಲೀಕರೂ ಅಷ್ಟನ್ನೇ ಸೇರಿಸುತ್ತಾರೆ. ನೌಕರರ ರಾಜ್ಯ ವಿಮೆಗೆ (ಇಎಸ್‌ಐ) ನೌಕರನದು ಶೇ 0.75, ಮಾಲೀಕರದು ಶೇ 3.25. ಇಎಸ್‌ಐಗೆ ಬುನಾದಿ ಹಾಕಿದ 1948ರ ಕಾಯ್ದೆ ಮತ್ತು 1952ರ ಭವಿಷ್ಯನಿಧಿ ಕಾಯ್ದೆ ಎರಡೂ ಈ ಜೋಡಿ ವಂತಿಗೆಯನ್ನೇ ನೆಚ್ಚಿಕೊಂಡಿದ್ದವು. ತನ್ನ ದುಡಿಮೆಗೆ ತಾನೇ ಮಾಲೀಕನಾದವನಿಗೆ ಆ ಇನ್ನೊಂದು ಪಾಲು ಇಲ್ಲ. 2023–24ರ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ ದೇಶದಲ್ಲಿ ದುಡಿಯುವವರ ಪೈಕಿ ಶೇ 58.4ರಷ್ಟು ಮಂದಿ ಇಂತಹ ಸ್ವಯಂ ಉದ್ಯೋಗಿಗಳು.

ಉತ್ತರ ಕನ್ನಡದ ಕಾರವಾರ–ಅಂಕೋಲಾ ಕರಾವಳಿಯಲ್ಲಿ ಈ ಅಂಕಿಯ ಅರ್ಥ ಬರಿಗಣ್ಣಿಗೇ ಕಾಣುತ್ತದೆ. ಹೆದ್ದಾರಿ 66ರಲ್ಲಿ ಓಡಾಡುವವರಿಗೆ ಹಟ್ಟಿಕೇರಿ ಎಂದರೆ ಟೋಲ್‌ಗೇಟು. ಸುತ್ತಲಿನ ಬೇಲೆಕೇರಿ, ಹಾರವಾಡ, ಕೇಣಿ, ಅವರ್ಸಾಗಳಲ್ಲಿ ಬದುಕು ನಡೆಯುವುದು ಸಂಬಳವಿಲ್ಲದ ಕಸುಬುಗಳಿಂದ: ಸಣ್ಣ ದೋಣಿಯ ಮೀನುಗಾರಿಕೆ, ಬುಟ್ಟಿ ಮೀನಿನ ಮಾರಾಟ, ಹೊಳೆಯಲ್ಲಿ ಬಳಚು ಹೆಕ್ಕುವ ಕೆಲಸ, ಹಾಲಕ್ಕಿ ಸಮುದಾಯದ ಮಹಿಳೆಯರ ತರಕಾರಿ ವ್ಯಾಪಾರ, ರಿಕ್ಷಾ, ಹೊಲಿಗೆ, ರಸ್ತೆಬದಿಯ ಚಹಾದಂಗಡಿ. ಮೀನು ಮಾರುವ ಮಹಿಳೆ ಬೆಳಿಗ್ಗೆ ಹರಾಜಿನಲ್ಲಿ, ಎಷ್ಟೋ ಸಲ ಉದ್ರಿಯಲ್ಲಿ, ಮೀನು ಹಿಡಿಯುತ್ತಾಳೆ. ಐಸು, ರಿಕ್ಷಾ ಬಾಡಿಗೆ, ಸಂಜೆ ತೀರಿಸಬೇಕಾದ ಸಾಲ ಕಳೆದು ಉಳಿದದ್ದು ಆ ದಿನದ ಆದಾಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಹತ್ತು ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೆ ವಿನಾಯಿತಿ ಇದ್ದರೂ ಮಳೆಗಾಲದ ಕಡಲು ಅವನ್ನು ದಡದಲ್ಲೇ ಕೂರಿಸುತ್ತದೆ. ಇಲ್ಲಿ ಆದಾಯಕ್ಕೆ ತಿಂಗಳ ಲೆಕ್ಕವಿಲ್ಲ, ಇರುವುದು ಹಂಗಾಮಿನ ಲೆಕ್ಕ.

ಇಂಥವರನ್ನು ಕಾನೂನು ತಡವಾಗಿ ಗುರುತಿಸಿತು. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆ ಮೊದಲ ಹೆಜ್ಜೆ. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಯಾಯಿತು. ಸಂಹಿತೆಯಲ್ಲಿ ಸ್ವಯಂ ಉದ್ಯೋಗಿಯೂ ಅಸಂಘಟಿತ ಕಾರ್ಮಿಕನೇ. ಜೀವ ಮತ್ತು ಅಂಗವೈಕಲ್ಯ ವಿಮೆ, ಆರೋಗ್ಯ, ಹೆರಿಗೆ ಸೌಲಭ್ಯ, ವೃದ್ಧಾಪ್ಯ ರಕ್ಷಣೆಗೆ ಕೇಂದ್ರವೂ, ಭವಿಷ್ಯನಿಧಿ, ಕೆಲಸದ ವೇಳೆಯ ಗಾಯಕ್ಕೆ ಪರಿಹಾರ, ವಸತಿ, ಮಕ್ಕಳ ಶಿಕ್ಷಣಕ್ಕೆ ರಾಜ್ಯಗಳೂ ಯೋಜನೆ ರೂಪಿಸಬೇಕು ಎಂದು ಅದು ಹೇಳುತ್ತದೆ. ಯಾರಿಗೆ ಎಷ್ಟು, ಯಾವಾಗ, ಯಾವ ಹಣದಿಂದ ಎಂಬುದನ್ನು ಮುಂದೆ ಹೊರಡುವ ಯೋಜನೆಗಳಿಗೇ ಬಿಟ್ಟಿದೆ. ನೌಕರನಿಗೆ ಸಂಹಿತೆಯಲ್ಲೇ ಬರೆದಿಟ್ಟ ಹಕ್ಕು ಇದೆ, ಸ್ವಯಂ ಉದ್ಯೋಗಿಗೆ ಸಿಕ್ಕಿರುವುದು ಯೋಜನೆಯ ಭರವಸೆ. 2021ರ ಆಗಸ್ಟ್ 26ರಂದು ಶುರುವಾದ ಇ-ಶ್ರಮ ಪೋರ್ಟಲ್‌ನಲ್ಲಿ 30 ಕೋಟಿಗೂ ಹೆಚ್ಚು ಮಂದಿ ಹೆಸರು ಬರೆಸಿ 12 ಅಂಕಿಯ ಸಂಖ್ಯೆ ಪಡೆದಿದ್ದಾರೆ. ಆ ಸಂಖ್ಯೆಯಷ್ಟರಿಂದಲೇ ಯಾವ ಪಿಂಚಣಿಯೂ ಬರುವುದಿಲ್ಲ.

ವೃದ್ಧಾಪ್ಯಕ್ಕೆಂದು ಇರುವ, ಎರಡನೆಯ ಪಾಲನ್ನು ಸರ್ಕಾರವೇ ಹಾಕುವ ಯೋಜನೆಗಳಲ್ಲಿ 2019ರ ಪ್ರಧಾನಮಂತ್ರಿ ಶ್ರಮಯೋಗಿ ಮಾನಧನ ಒಂದು. ತಿಂಗಳಿಗೆ ₹15,000ದೊಳಗೆ ದುಡಿಯುವ, 18ರಿಂದ 40 ವರ್ಷದವರು ವಯಸ್ಸಿಗೆ ತಕ್ಕಂತೆ ₹55ರಿಂದ ₹200 ಕಟ್ಟಿದರೆ ಕೇಂದ್ರವೂ ಅಷ್ಟೇ ಕಟ್ಟುತ್ತದೆ. 60ರ ನಂತರ ತಿಂಗಳಿಗೆ ₹3,000 ಸಿಗುತ್ತದೆ. ತತ್ವ ಸರಿಯಾದದ್ದು, ಅಳತೆ ಸಾಲದು. 2019ರಲ್ಲಿ 25ನೇ ವಯಸ್ಸಿಗೆ ಸೇರಿದವನಿಗೆ ಮೊದಲ ಪಿಂಚಣಿ 2054ರಲ್ಲಿ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೂ ಆಗಿನ ₹3,000ಕ್ಕೆ 2019ರ ಸುಮಾರು ₹540ರ ಬೆಲೆ ಉಳಿದಿರುತ್ತದೆ. ನಲವತ್ತು ದಾಟಿದವರಿಗೆ ಬಾಗಿಲೇ ಇಲ್ಲ. ಸಾಮಾನ್ಯವಾಗಿ ಪ್ರತಿ ತಿಂಗಳೂ ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗುತ್ತದೆ, ತಪ್ಪಿದರೆ ಬಾಕಿಯನ್ನು ದಂಡಸಹಿತ ತುಂಬಬೇಕು. ಮಳೆಗಾಲದಲ್ಲಿ ಖಾತೆ ಬರಿದಾಗುವ ಮನೆಗಳಿಗೆ ಇದು ಹೊಂದುವ ಕ್ರಮವಲ್ಲ. 2015ರ ಅಟಲ್ ಪಿಂಚಣಿಯಲ್ಲಿ ₹1,000ದಿಂದ ₹5,000ದವರೆಗೆ ಆಯ್ಕೆ ಇದೆ, ಸೇರುವ ವಯಸ್ಸಿನ ಮಿತಿ ಅಲ್ಲಿಯೂ 40. ಹೀಗಾಗಿ ಕರಾವಳಿಯ ಬಡ ಹಿರಿಯರಿಗೆ ಕೈಗೆ ಸಿಗುವ ಆಸರೆ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ, 65 ದಾಟಿದವರಿಗೆ ತಿಂಗಳಿಗೆ ₹1,200.

ಸಾವು ಮತ್ತು ಅಪಘಾತದ ವಿಮೆ ಅಗ್ಗವಾಗಿದೆ, ಹೆಚ್ಚು ಜನರಿಗೆ ಎಟಕುತ್ತದೆ. ವರ್ಷಕ್ಕೆ ₹20 ಕಟ್ಟಿದರೆ ಅಪಘಾತದ ಸಾವಿಗೆ ₹2 ಲಕ್ಷ, ₹436 ಕಟ್ಟಿದರೆ ಯಾವುದೇ ಕಾರಣದ ಸಾವಿಗೆ ₹2 ಲಕ್ಷ. ಮೀನುಗಾರರಿಗೆ ಮತ್ಸ್ಯ ಸಂಪದಾ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ಪ್ರೀಮಿಯಂ ಪೂರ್ತಿ ಸರ್ಕಾರದ್ದು: ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ ₹5 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ ₹2.5 ಲಕ್ಷ. ಇಲ್ಲಿ ಅಡ್ಡಿಯಾಗುವುದು ದಾಖಲೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಸ್ತೆಬದಿಯ ಹೋಟೆಲ್ ನಡೆಸುತ್ತಿದ್ದ ಕುಟುಂಬವೇ ಮಣ್ಣುಪಾಲಾಯಿತು. ಗಂಗಾವಳಿ ನದಿಗೆ ಬಿದ್ದ ಕೆಲವರಿಗಾಗಿ ಹುಡುಕಾಟ ತಿಂಗಳುಗಟ್ಟಲೆ ನಡೆಯಿತು. ಕಡಲಲ್ಲಿ ಕಾಣೆಯಾದವರ ಮನೆಗಳಿಗೂ ಇದೇ ಪಾಡು. ದೇಹ ಸಿಗದಿದ್ದರೆ ಸಾವನ್ನು ಊಹಿಸಲು ಸಾಕ್ಷ್ಯ ಕಾನೂನಿನ ಸಾಮಾನ್ಯ ಅವಧಿ ಏಳು ವರ್ಷ. ದುಡಿಯುವ ಕೈ ಇಲ್ಲವಾದ ಮನೆ ಅಷ್ಟು ಕಾಲ ಕಾಯಲಾರದು. ವಿಪತ್ತು ಮತ್ತು ಕಡಲ ಅವಘಡಗಳಲ್ಲಿ ಜಿಲ್ಲಾಡಳಿತದ ದೃಢೀಕರಣದ ಮೇಲೆ ಕೆಲವೇ ತಿಂಗಳಲ್ಲಿ ವಿಮಾ ಹಣ ಸಿಗುವಂತಾಗಬೇಕು.

ಅತಿ ದೊಡ್ಡ ಕೊರತೆ ಇರುವುದು ಕಾಯಿಲೆ ಮತ್ತು ಹೆರಿಗೆಯಲ್ಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗಿನ ಚಿಕಿತ್ಸೆ ಕೊಡುತ್ತದೆ. ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಇದೆ. ಇವೆರಡೂ ಭರಿಸುವುದು ಆಸ್ಪತ್ರೆಯ ಬಿಲ್ಲನ್ನು. ಮಲಗಿದ ದಿನಗಳ ದುಡಿಮೆ ತುಂಬಿಕೊಡುವವರಿಲ್ಲ. ಇಎಸ್‌ಐ ವ್ಯಾಪ್ತಿಯ ನೌಕರನಿಗೆ ಕಾಯಿಲೆಯ ಕಾಲದಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ 70ರಷ್ಟು ಸಿಗುತ್ತದೆ. ಹೆರಿಗೆಗೆ 26 ವಾರಗಳ ಸಂಬಳಸಹಿತ ರಜೆಯ ಹಕ್ಕು ನೌಕರಿಯಲ್ಲಿರುವ ಮಹಿಳೆಗೆ ಉಂಟು. ಮೀನು ಮಾರುವವಳಿಗೆ ಮಾತೃವಂದನಾ ಯೋಜನೆಯಿಂದ ಮೊದಲ ಮಗುವಿಗೆ ಸಿಗುವುದು ₹5,000. ಉತ್ತರ ಕನ್ನಡದಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಕೂಗು ಎದ್ದಿದೆ. ಗಂಭೀರ ಕಾಯಿಲೆ ಎಂದರೆ ಮಣಿಪಾಲ, ಮಂಗಳೂರು ಅಥವಾ ಗೋವಾಕ್ಕೇ ಹೋಗಬೇಕು. ರೋಗಿಯ ಜೊತೆಗೆ ಹೋದವರ ದುಡಿಮೆಯೂ ನಿಲ್ಲುತ್ತದೆ. ಕಾರ್ಡಿನಿಂದ ಚಿಕಿತ್ಸೆ ಉಚಿತವಾದರೂ ಮನೆ ಸಾಲಕ್ಕೆ ಬೀಳುವುದು ಹೀಗೆ. ಬೀದಿ ವ್ಯಾಪಾರಿಗಳ ಸ್ವನಿಧಿಯಂಥ ಯೋಜನೆಗಳು ಬಂಡವಾಳಕ್ಕೆ ನೆರವಾಗುತ್ತವೆ, ಅವೂ ತೀರಿಸಬೇಕಾದ ಸಾಲಗಳೇ.

ಮಾಲೀಕರಿಲ್ಲದಿದ್ದರೂ ಎರಡನೆಯ ಪಾಲನ್ನು ಹುಡುಕಬಹುದು ಎಂಬುದಕ್ಕೆ ದೂರದ ಮತ್ತು ಹತ್ತಿರದ ಉದಾಹರಣೆಗಳಿವೆ. ಕಟ್ಟಡ ಕಾರ್ಮಿಕರ ಮಂಡಳಿಗೆ ಪಿಂಚಣಿ, ಹೆರಿಗೆ, ಶಿಕ್ಷಣದ ನೆರವು ಕೊಡಲು ಶಕ್ತಿ ಬಂದದ್ದು ನಿರ್ಮಾಣ ವೆಚ್ಚದ ಮೇಲಿನ ಶೇ 1ರ ಸೆಸ್‌ನಿಂದ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅವಕಾಶ ಕೊಟ್ಟಿದೆ. ಕೇರಳದಲ್ಲಿ 1985ರ ಕಾಯ್ದೆಯ ಅಡಿಯಲ್ಲಿ ರೂಪುಗೊಂಡ ಮೀನುಗಾರರ ಕ್ಷೇಮನಿಧಿಗೆ ಮೀನಿನ ವ್ಯಾಪಾರಿಗಳೂ ವಂತಿಗೆ ಕೊಡಬೇಕು. ಜರ್ಮನಿಯಲ್ಲಿ 1983ರಿಂದ ಸ್ವತಂತ್ರ ಕಲಾವಿದರು ಮತ್ತು ಬರಹಗಾರರ ವಿಮೆಗೆ ಅರ್ಧ ಅವರದೇ, ಉಳಿದರ್ಧ ಅವರ ಕೃತಿ ಬಳಸುವ ಸಂಸ್ಥೆಗಳು ಮತ್ತು ಸರ್ಕಾರದ್ದು. ದುಡಿಮೆಯಿಂದ ಲಾಭ ಪಡೆಯುವವರು ಭದ್ರತೆಗೂ ಪಾಲು ಕೊಡಬೇಕು ಎಂಬ ನ್ಯಾಯವೇ ಇವೆಲ್ಲದರ ಹಿಂದಿದೆ.

ಹಂಗಾಮಿಗೆ ಹೊಂದುವ ವಂತಿಗೆಯ ಮಾದರಿ ಮೀನುಗಾರಿಕೆಯಲ್ಲೇ ಇದೆ. ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರ ದುಡಿಮೆಯ ಒಂಬತ್ತು ತಿಂಗಳಲ್ಲಿ ₹1,500 ಕಟ್ಟಿದರೆ, ಕೇಂದ್ರ ಮತ್ತು ರಾಜ್ಯ ತಲಾ ₹1,500 ಸೇರಿಸಿ ಮೀನಿಲ್ಲದ ತಿಂಗಳುಗಳಲ್ಲಿ ₹4,500 ಮರಳಿಸುತ್ತವೆ. ಮೊತ್ತ ಸಣ್ಣದು. ಆದರೂ ದುಡಿಮೆ ಇದ್ದಾಗ ಕಟ್ಟುವುದು, ಇಲ್ಲದಾಗ ಪಡೆಯುವುದು, ಎರಡನೆಯ ಪಾಲನ್ನು ಬೇರೆಯವರು ಭರಿಸುವುದು ಎಂಬ ಮೂರೂ ಅಂಶಗಳು ಅದರಲ್ಲಿವೆ.

ಇದನ್ನು ಎಲ್ಲ ಸ್ವಯಂ ಉದ್ಯೋಗಗಳಿಗೆ ವಿಸ್ತರಿಸುವುದು ಸಂಹಿತೆ ಜಾರಿಯಾದ ಮೇಲಿನ ಮೊದಲ ಕೆಲಸವಾಗಬೇಕು. ಪಿಂಚಣಿ, ವಿಮೆ, ಕಾಯಿಲೆ ಭತ್ಯೆ, ಹೆರಿಗೆ ಭತ್ಯೆ ನಾಲ್ಕೂ ಇ-ಶ್ರಮ ಸಂಖ್ಯೆಯ ಒಂದೇ ಖಾತೆಯಲ್ಲಿ ಸೇರಬೇಕು. ಆದಾಯ ಪ್ರಮಾಣಪತ್ರ ಕೇಳದೆ ಎಲ್ಲರಿಗೂ ಒಂದೇ ದರದ ವಂತಿಗೆ ಇಟ್ಟರೆ, ದಿನದ ಗಳಿಕೆಗೆ ಪುರಾವೆ ತರಲಾಗದವರೂ ಒಳಗೆ ಬರುತ್ತಾರೆ. ಅದನ್ನು ವರ್ಷದ ಯಾವ ತಿಂಗಳಲ್ಲಾದರೂ ಕಟ್ಟಲು ಬಿಡಬೇಕು. 40ರ ಮಿತಿ ಸಡಿಲವಾಗಬೇಕು, ಪಿಂಚಣಿ ಬೆಲೆಯೇರಿಕೆಯ ಜೊತೆ ಏರಬೇಕು. ಎರಡನೆಯ ಪಾಲಿಗೆ ರಫ್ತುದಾರರು ಮತ್ತು ಸಗಟು ವ್ಯಾಪಾರಿಗಳ ವಹಿವಾಟಿನ ಮೇಲೆ ಸಣ್ಣ ಸೆಸ್ ಹಾಕಬಹುದು. ಅಂಥ ಖರೀದಿದಾರರಿಲ್ಲದ ಚಹಾದಂಗಡಿ, ಹೊಲಿಗೆ, ತರಕಾರಿ ವ್ಯಾಪಾರಕ್ಕೆ ಸರ್ಕಾರವೇ ಆ ಪಾಲು ಹಾಕಬೇಕು. ಖಜಾನೆಗೆ ಹೊರೆ ಎಂಬ ಆಕ್ಷೇಪ ಏಳುವುದು ಸಹಜ. ಆ ಹೊರೆಯನ್ನು ಇಂದು ಬಡ್ಡಿ ಸಾಲದ ರೂಪದಲ್ಲಿ ಬಡ ಕುಟುಂಬಗಳೇ ಹೊರುತ್ತಿವೆ. ನೋಂದಣಿಗೆ ಜನರನ್ನು ಕಚೇರಿಗೆ ಅಲೆಸದೆ, ಗ್ರಾಮ ಒನ್ ಮತ್ತು ಪಂಚಾಯಿತಿ ಸಿಬ್ಬಂದಿ ಮೀನು ಪೇಟೆಗೆ, ವಾರದ ಸಂತೆಗೆ ಬರಬೇಕು. ಹಕ್ಕು, ಹಣದ ಮೂಲ ಮತ್ತು ಕಟ್ಟುವ ಕ್ರಮ ಈ ಮೂರನ್ನೂ ನಿಯಮಗಳಲ್ಲಿ ಬರೆದಿಟ್ಟಾಗ ಮಾತ್ರ ಸ್ವಯಂ ಉದ್ಯೋಗಿಯ ಭದ್ರತೆ ನೌಕರನ ಭದ್ರತೆಗೆ ಸಮನಾಗುತ್ತದೆ.