ಧಾಟಿಗೂ ವಾರಸುದಾರರಿದ್ದಾರೆ

ಸಮೂಹಗಾನದ ಕಾರ್ಯಕ್ರಮವೊಂದರ ಖರ್ಚಿನ ಪಟ್ಟಿ ನೋಡಿ. ಸಭಾಂಗಣದ ಬಾಡಿಗೆ, ಮೈಕ್ ಸೆಟ್, ತಬಲಾ ಮತ್ತು ಕೀಬೋರ್ಡ್‌ನವರ ಸಂಭಾವನೆ, ಅತಿಥಿಗಳಿಗೆ ಹಾರ-ಶಾಲು, ಕೊನೆಗೆ ಉಪ್ಪಿಟ್ಟು-ಕೇಸರಿಬಾತು. ಹಾಡು ಬರೆದವರ, ಅದಕ್ಕೆ ಧಾಟಿ ಹಾಕಿದವರ ಬಾಬ್ತು ಅದರಲ್ಲಿ ಇರುವುದಿಲ್ಲ. ವಂಚಿಸಬೇಕೆಂದು ಬಿಟ್ಟದ್ದಲ್ಲ, ಅಂಥದ್ದೊಂದು ಬಾಬ್ತು ಇರಬಹುದೆಂದೇ ಯಾರಿಗೂ ಹೊಳೆದಿರುವುದಿಲ್ಲ. ಭಾವಗೀತೆ ನಮಗೆ ಅಷ್ಟು ಸ್ವಂತದ್ದಾಗಿಬಿಟ್ಟಿದೆ.

ಹಾಗೆ ನೋಡಿದರೆ ಕಾನೂನು ಹೆದರುವಷ್ಟು ಕಠಿಣವೇನೂ ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಹವ್ಯಾಸಿ ತಂಡಗಳ ಮಟ್ಟಿಗೆ ಧಾರಾಳವಾಗಿಯೇ ಇದೆ. ಕೇಳುಗರಿಂದ ದುಡ್ಡು ಪಡೆಯದೆ ಹಾಡಿದರೆ, ಇಲ್ಲವೇ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥ ಹಾಡಿದರೆ ಯಾರ ಅನುಮತಿಯೂ ಬೇಡ. ಧಾರ್ಮಿಕ ವಿಧಿ, ಮದುವೆ, ಸರ್ಕಾರಿ ಸಮಾರಂಭಗಳಲ್ಲಿ ಹಾಡುವುದಕ್ಕೂ ಬೇಡ. ಬಡಾವಣೆಯ ರಾಜ್ಯೋತ್ಸವದಲ್ಲಿ ಉಚಿತವಾಗಿ ಹಾಡುವ ಮಹಿಳಾ ಮಂಡಳಿ, ಭಾನುವಾರದ ಆರಾಧನೆಯಲ್ಲಿ ಹಾಡುವ ಚರ್ಚ್ ಕ್ವಾಯರ್ ಇಬ್ಬರೂ ನೆಮ್ಮದಿಯಾಗಿರಬಹುದು. ಸಾಂಸ್ಕೃತಿಕ ಸಂಜೆಯೆಂದು ಟಿಕೆಟ್ ಇಟ್ಟ ದಿನ ಮಾತ್ರ ಲೆಕ್ಕ ಬೇರೆ.

ಆದರೆ ಈ ರಿಯಾಯಿತಿ ಹಾಡುವುದಕ್ಕಷ್ಟೇ, ಕೈಯಲ್ಲಿರುವ ಹಾಳೆಗಲ್ಲ. ಇಲ್ಲೇ ಬಹಳ ತಂಡಗಳು ಎಡವುವುದು. ನಾಲ್ಕು ದನಿಗಳಿಗೆ ಹೊಂದಿಸಿದ ಸ್ವರಲಿಪಿಯ ಒಂದು ಪ್ರತಿ ಕೊಂಡು, ತಂಡದವರಿಗೆಲ್ಲ ಜೆರಾಕ್ಸ್ ಮಾಡಿಸಿ ಹಂಚುವುದು ಎಷ್ಟೋ ಕಡೆ ವಾಡಿಕೆ. ಈಗಂತೂ ವಾಟ್ಸ್‌ಆ್ಯಪ್ ಗುಂಪಿಗೆ ಪಿಡಿಎಫ್ ಬಿಟ್ಟರೆ ಮುಗಿಯಿತು. ಹಾಡಲು ಅನುಮತಿ ಬೇಡದ ಕಡೆಯೂ ಹೀಗೆ ಪ್ರತಿ ಮಾಡಲು ಬೇಕು. ಹಾಡಿದ್ದನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಏರಿಸುವುದೂ ಆ ರಿಯಾಯಿತಿಯೊಳಗೆ ಬರುವುದಿಲ್ಲ.

ಹಳೆಯ ಸಂಗೀತ ತಾನೇ, ಯಾರು ಕೇಳುತ್ತಾರೆ ಎನ್ನುವವರು ಇಂಗ್ಲೆಂಡಿನ ಒಂದು ಮೊಕದ್ದಮೆಯನ್ನು ತಿಳಿದಿರಬೇಕು. ಫ್ರಾನ್ಸಿನ ಸಂಗೀತ ಸಂಯೋಜಕ ಲಾಲಾಂದ್ ತೀರಿಕೊಂಡದ್ದು 1726ರಲ್ಲಿ. ಅವನ ಕೃತಿಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ಲಯನಲ್ ಸಾಕಿನ್ಸ್ ಎಂಬ ವಿದ್ವಾಂಸರು ಹಳೆಯ ಪ್ರತಿಗಳನ್ನು ತಿದ್ದಿ, ಬಿಟ್ಟುಹೋದದ್ದನ್ನು ತುಂಬಿ, ಇಂದಿನವರು ನುಡಿಸುವಂತೆ ಅವನ್ನು ಸಿದ್ಧಗೊಳಿಸಿದರು. ಹೈಪೀರಿಯನ್ ಕಂಪನಿ ಅವನ್ನು ಬಳಸಿ ಧ್ವನಿಮುದ್ರಿಸಿತು, ಆದರೆ ರಾಯಧನ ಕೊಡಲು ಒಪ್ಪಲಿಲ್ಲ. 2005ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಸಾಕಿನ್ಸ್ ಪರವಾಗಿಯೇ ತೀರ್ಪು ಕೊಟ್ಟಿತು.

ನಮ್ಮಲ್ಲಿ ಇದಕ್ಕೆ ಸಮನಾದದ್ದು ಶಿಶುನಾಳ ಷರೀಫರ ಪದಗಳು. ಷರೀಫರು ತೀರಿಕೊಂಡದ್ದು 1889ರಲ್ಲಿ. ಆ ಸಾಹಿತ್ಯವನ್ನು ಯಾರು ಬೇಕಾದರೂ ಹಾಡಬಹುದು, ಅಚ್ಚು ಹಾಕಿಸಬಹುದು. ಆದರೆ ನಾಡಿನ ಮನೆಮನೆಗೆ ಅವು ಮತ್ತೆ ಬಂದದ್ದು ಸಿ. ಅಶ್ವತ್ಥ್ ಅವರ ಸಂಯೋಜನೆಯಲ್ಲಿ. ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ ಎಂಬುದು ನಮ್ಮ ನಿಯಮ. (ಮೊದಲು 50 ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ ಅದನ್ನು ಹತ್ತು ವರ್ಷ ಹಿಗ್ಗಿಸಿದರು.) ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ಅಂದರೆ ಅವರ ಸ್ವಂತ ಧಾಟಿಗಳ ಮೇಲಿನ ಹಕ್ಕು 2069ರ ಕೊನೆಯವರೆಗೆ ಇರುತ್ತದೆ. ಬೇಂದ್ರೆಯವರ ಕವಿತೆಗಳಿಗೆ 2041, ಕುವೆಂಪು ಅವರವಕ್ಕೆ 2054. ಬಿಎಂಶ್ರೀ ಅವರವು 2006ಕ್ಕೇ ಮುಗಿದಿವೆ.

ಇದರಲ್ಲಿ ಹೆಚ್ಚು ಅನ್ಯಾಯವಾಗುವುದು ಧಾಟಿ ಹಾಕಿದವರಿಗೆ ಎಂದೇ ನನಗನ್ನಿಸುತ್ತದೆ. ನಿರೂಪಕರು ಕವಿಯ ಹೆಸರನ್ನು ಬಿರುದು-ಪ್ರಶಸ್ತಿಗಳ ಸಮೇತ ಹೇಳುತ್ತಾರೆ, ಸಂಯೋಜಕರ ಹೆಸರು ಎಷ್ಟೋ ಸಲ ಬರುವುದೇ ಇಲ್ಲ. ನಾಡಗೀತೆಗೆ ಯಾವ ಧಾಟಿಯೆಂದು ವರ್ಷಗಟ್ಟಲೆ ಜಗಳಾಡಿ, 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರದ್ದನ್ನು ಖಾಯಂ ಮಾಡಿತಲ್ಲ? ಧಾಟಿಯ ಬೆಲೆ ಗೊತ್ತಿಲ್ಲದ ನಾಡೇನೂ ಅಲ್ಲ ನಮ್ಮದು. ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು, ಮಿಕ್ಕ ಹಕ್ಕುಗಳನ್ನು ಮಾರಿದ ಮೇಲೂ ರಚಿಸಿದವರದ್ದೇ ಎಂದು 57ನೇ ಸೆಕ್ಷನ್ ಹೇಳುತ್ತದೆ. ಹೆಸರು ಹೇಳುವುದಕ್ಕೆ ಖರ್ಚೂ ಇಲ್ಲ.

ಅನುಮತಿ ಕೇಳುವುದು ದೊಡ್ಡ ತಲೆನೋವು ಎಂಬುದೂ ಅರ್ಧ ಸತ್ಯ. ತನ್ನ ಸದಸ್ಯರಾದ ಗೀತರಚನಕಾರರು, ಸಂಯೋಜಕರು, ಪ್ರಕಾಶಕರ ಪರವಾಗಿ ಪರವಾನಗಿ ಕೊಡಲು 1969ರಿಂದ ಐಪಿಆರ್‌ಎಸ್ ಎಂಬ ಸಂಸ್ಥೆ ಇದೆ. ಅದರ ಪಟ್ಟಿಯಲ್ಲಿ ಇಲ್ಲದವರಾದರೆ ಮನೆಯವರನ್ನೋ ಪ್ರಕಾಶಕರನ್ನೋ ಕೇಳಬೇಕು. ಕವಿತೆ ಒಬ್ಬರದ್ದು, ಧಾಟಿ ಇನ್ನೊಬ್ಬರದ್ದಾದರೆ ಎರಡು ಪತ್ರ ಬರೆಯಬೇಕಾದೀತು, ನಿಜ. ಒಪ್ಪಿಗೆ ಬರಹದಲ್ಲೇ ಇರಲಿ.

ತಂಡಗಳ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಮುಂದಿನ ಕಾರ್ಯಕ್ರಮಕ್ಕೆ ಹಾಡು ಆರಿಸುವಾಗಲೇ ಒಂದು ನೋಟ್‌ಬುಕ್ ಇಡಿ. ಕವಿ ಯಾರು, ಧಾಟಿ ಯಾರದ್ದು, ಹಕ್ಕು ಯಾವ ವರ್ಷದವರೆಗೆ, ಯಾರನ್ನು ಕೇಳಿದ್ದೇವೆ, ಎಷ್ಟು ಪ್ರತಿ ಕೊಂಡಿದ್ದೇವೆ ಎಂದು ಬರೆದಿಡಿ. ಟಿಕೆಟ್ ಇಡುವುದಾದರೆ ಖರ್ಚಿನ ಪಟ್ಟಿಯಲ್ಲಿ ಕೇಸರಿಬಾತಿಗಿಂತ ಮೇಲೆ ಅವರ ಬಾಬ್ತೂ ಇರಲಿ.