ವಿಹಾರವೋ, ಓಟವೋ?

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ಮಾತು. ಇವೆರಡರಲ್ಲಿ ಕೋಶ ಓದುವ ಕೆಲಸಕ್ಕೆ ನಮ್ಮ ಕಾಲೇಜಿನಲ್ಲಿ ವೇಳಾಪಟ್ಟಿಯಿದೆ, ಅಧ್ಯಾಪಕರಿದ್ದಾರೆ, ಪರೀಕ್ಷೆಯೂ ಇದೆ. ದೇಶ ಸುತ್ತುವ ಕೆಲಸಕ್ಕಾದರೋ ವರ್ಷಕ್ಕೊಮ್ಮೆ ಬಾಡಿಗೆಗೆ ಹಿಡಿದ ಒಂದು ಬಸ್ಸು ಮಾತ್ರ ಇದೆ. ಅದು ರಾತ್ರಿ ಹೊರಟು, ಮೂರು ಹಗಲಿನಲ್ಲಿ ಹತ್ತು ಹನ್ನೆರಡು ಸ್ಥಳಗಳನ್ನು ಮುಗಿಸಿ, ಮತ್ತೆ ರಾತ್ರಿಯೇ ನಮ್ಮನ್ನು ತಂದು ಇಳಿಸುತ್ತದೆ. ‘ಮುಗಿಸುವುದು’ ಎಂಬ ಮಾತನ್ನು ನಾನು ಹೊಸದಾಗಿ ಸೃಷ್ಟಿಸಿದುದಲ್ಲ. ಪ್ರವಾಸದಿಂದ ಬಂದವರೆಲ್ಲ ಹಾಗೆಯೇ ಹೇಳುತ್ತಾರೆ. ದೇವಸ್ಥಾನ ಮುಗಿಯಿತು, ಜಲಪಾತ ಮುಗಿಯಿತು, ಅಣೆಕಟ್ಟು ಮುಗಿಯಿತು. ಕೊನೆಗೆ ಉಳಿಯುವುದು ನಿದ್ದೆಗೆಟ್ಟ ಕಣ್ಣು ಮತ್ತು ಮೊಬೈಲಿನ ತುಂಬ ಭಾವಚಿತ್ರಗಳು.

ಇದನ್ನು ಓಟವೆನ್ನಬಹುದೇ ಹೊರತು ವಿಹಾರವೆನ್ನಲಾಗದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೂರು ದಿನ ಬಿಡುವು ಸಿಕ್ಕಿದರೆ ಒಂದೇ ಊರಿಗೆ ಹೋಗಿ ಮೂರು ದಿನವೂ ಅಲ್ಲಿಯೇ ಇರಬೇಕು. ಆ ಊರು ಹೆಸರಾಂತ ಕ್ಷೇತ್ರವಾಗಬೇಕಾದುದಿಲ್ಲ. ಆದರೆ ಹಾಗೆ ಇರುವುದಕ್ಕೆ, ಓಡುವುದಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕು. ಆ ಸಿದ್ಧತೆ ಎಂಥದೆಂಬುದನ್ನು ನಾನು ಬಲ್ಲ ಊರಾದ ಕರಿಕೆಯ ಉದಾಹರಣೆಯಿಂದ ಹೇಳಬೇಕೆಂದಿದ್ದೇನೆ. ಅದಕ್ಕೆ ಮೊದಲು ಇಂಗ್ಲೆಂಡಿನ ಮಾತು ಸ್ವಲ್ಪ ಬರಬೇಕಾಗಿದೆ.

ಹಳ್ಳಿಗಾಡಿನಲ್ಲಿ ಎರಡು ಮೂರು ದಿನ ಕಾಲು ನಡಿಗೆಯಲ್ಲಿ ಕಳೆಯುವ ಪದ್ಧತಿಯೆಂದರೆ ನಮಗೆ ನೆನಪಾಗುವುದು ಇಂಗ್ಲಿಷರು. ಅವರ ಹಳ್ಳಿ, ಹೊಳೆ, ಹೂಗಳ ಕಾವ್ಯವನ್ನು ತರಗತಿಯಲ್ಲಿ ಓದಿದ್ದೇವೆ, ಬಿ.ಎಂ. ಶ್ರೀಯವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಹೊರಬಂದಮೇಲೆ ಇಂಗ್ಲಿಷ್ ಬಾರದ ಕನ್ನಡಿಗರಿಗೂ ಆ ಕಾವ್ಯದ ಪರಿಚಯವಾಯಿತು. ಇಂಗ್ಲೆಂಡಿನ ಸರೋವರ ಸೀಮೆಯನ್ನು ಹಾಡಿದ ವರ್ಡ್ಸ್‌ವರ್ತ್ ಕವಿ ಅಲ್ಲಿಗೆ ಬರುವ ಪ್ರವಾಸಿಗಳಿಗೆಂದು ಒಂದು ಮಾರ್ಗದರ್ಶಿಯನ್ನೂ ಬರೆದಿದ್ದಾನೆ. ಅದೇ ಕವಿ 1844ರಲ್ಲಿ, ಕೆಂಡಲ್ ಪಟ್ಟಣದಿಂದ ವಿಂಡರ್‌ಮಿಯರ್ ಸರೋವರದ ಕಡೆಗೆ ರೈಲುದಾರಿ ಹಾಕುವ ಪ್ರಸ್ತಾಪ ಬಂದಾಗ, ಅದನ್ನು ವಿರೋಧಿಸಿ ಪತ್ರಿಕೆಗೆ ಬರೆದ. ಪ್ರಕೃತಿಯ ಸೊಬಗನ್ನು ಸವಿಯುವ ಅಭಿರುಚಿ ಹುಟ್ಟಿನಿಂದ ಬರತಕ್ಕದ್ದಲ್ಲ, ಕ್ರಮೇಣ ಬೆಳೆಯತಕ್ಕದ್ದು. ಕಾರ್ಖಾನೆಯ ಕೆಲಸಗಾರರನ್ನು ಗುಂಪುಗುಂಪಾಗಿ ತಂದು ಇಳಿಸಿದರೆ ಅವರಿಗೂ ಪ್ರಯೋಜನವಿಲ್ಲ, ಊರಿಗೂ ಇಲ್ಲ ಎಂಬುದು ಅವನ ವಾದದ ಸಾರ. ಆದರೂ 1847ರಲ್ಲಿ ರೈಲು ಬಂದೇ ಬಂದಿತು.

ಈ ವಾದದ ಒಂದು ಭಾಗವನ್ನು ನಾನು ಒಪ್ಪುತ್ತೇನೆ. ಗುಂಪಾಗಿ ಬಂದು ಗುಂಪಾಗಿ ಹೋಗುವವನಿಗೆ ಏನೂ ದಕ್ಕುವುದಿಲ್ಲ. ಇದಕ್ಕೆ ನಮ್ಮ ಬಸ್ಸೇ ಸಾಕ್ಷಿ. ಆದರೆ ದುಡಿಯುವವನಿಗೆ ಆ ಅಭಿರುಚಿ ಬರಲಾರದೆಂಬ ಧ್ವನಿಯನ್ನು ಮಾತ್ರ ಒಪ್ಪಲಾರೆ. ಅದಕ್ಕೆ ಉತ್ತರವನ್ನು ಇಂಗ್ಲೆಂಡಿನ ಕೆಲಸಗಾರರೇ ಕೊಟ್ಟರು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಯುವಕ ಯುವತಿಯರು ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ಹತ್ತಿದರು. ಜಮೀನುದಾರರು ಹಕ್ಕಿಯ ಬೇಟೆಗೆಂದು ಮುಚ್ಚಿಟ್ಟುಕೊಂಡಿದ್ದ ಜಾಗವದು. ಐವರಿಗೆ ಸೆರೆಮನೆಯಾಯಿತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಮತ್ತು ಹಳ್ಳಿಗಾಡಿನ ಪ್ರವೇಶದ ಶಾಸನ ಬಂದಿತು. 1951ರಲ್ಲಿ ಆ ಗುಡ್ಡವಿರುವ ಸೀಮೆಯೇ ಅಲ್ಲಿನ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು. ಇದಕ್ಕೂ ಮುಂಚೆ 1930ರಲ್ಲಿ ಕಡಿಮೆ ಖರ್ಚಿನ ಯುವಜನರ ವಸತಿಗೃಹಗಳ ಸಂಘ ಹುಟ್ಟಿತ್ತು. 1938ರಲ್ಲಿ ಸಂಬಳಸಹಿತ ರಜೆಯ ಶಾಸನವಾಗಿತ್ತು. ಇಂಗ್ಲಿಷರ ವಿಹಾರ ಹೂವಿನಿಂದಲೂ ಹೊಳೆಯಿಂದಲೂ ತಾನಾಗಿ ಬಂದುದಲ್ಲ. ಬಿಡುವು, ಅಗ್ಗದ ಕೋಣೆ, ನಡೆಯಲು ದಾರಿ, ಈ ಮೂರನ್ನೂ ಜನ ಕೇಳಿ ಪಡೆದರು.

ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗಳು. ನಮ್ಮಂಥ ಮನೆಗಳಲ್ಲಿ ವಿಹಾರವೆಂಬ ಮಾತೇ ಇಲ್ಲ. ಮದುವೆಗೆ ಹೋಗುತ್ತಾರೆ, ಜಾತ್ರೆಗೆ ಹೋಗುತ್ತಾರೆ, ಆಸ್ಪತ್ರೆಗೂ ತಾಲ್ಲೂಕು ಕಚೇರಿಗೂ ಹೋಗುತ್ತಾರೆ. ಕೆಲಸವಿಲ್ಲದೆ ಒಂದು ಊರಿಗೆ ಹೋಗಿ ಸುಮ್ಮನೆ ಇದ್ದು ಬರುವುದುಂಟೆಂದರೆ ನನ್ನ ಅವ್ವ ನಗುತ್ತಾಳೆ. ಆದರೆ ಬೆಳಗ್ಗೆ ಮಂಜು ಏಳುವ ಹೊತ್ತಿಗೆ ಅಂಗಳದಲ್ಲಿ ನಿಂತು ಎದುರಿನ ಬೆಟ್ಟವನ್ನು ಒಂದು ಗಳಿಗೆ ನೋಡದೆ ಅವಳು ಒಲೆ ಹಚ್ಚುವವಳಲ್ಲ. ಅಭಿರುಚಿಯ ಕೊರತೆ ಅವಳಿಗಿಲ್ಲ, ಇಲ್ಲದಿರುವುದು ಬಿಡುವು.

ಇನ್ನು ಕರಿಕೆಯ ವಿಷಯ. ‘ಅಲ್ಲಿ ನೋಡಲಿಕ್ಕೆ ಏನಿದೆ?’ ಎಂದು ಸಹಪಾಠಿಗಳು ಕೇಳುತ್ತಾರೆ. ಕೊಡಗಿಗೆ ಬರುವ ಪ್ರವಾಸಿಗಳ ಪಟ್ಟಿ ತಲಕಾವೇರಿಗೆ ಮುಗಿಯುತ್ತದೆ. ಭಾಗಮಂಡಲದಿಂದ ಮೇಲೆ ಹತ್ತಿದರೆ ತಲಕಾವೇರಿ. ಪಶ್ಚಿಮಕ್ಕೆ ದಟ್ಟ ಕಾಡಿನ ನಡುವಿನ ಇಕ್ಕಟ್ಟಾದ ರಸ್ತೆಯಲ್ಲಿ ಇಳಿದರೆ ಕರಿಕೆ. ಅದೇ ರಸ್ತೆ ಮುಂದೆ ಕೇರಳದ ಪಾಣತ್ತೂರನ್ನು ದಾಟಿ, ಕನ್ನಡಿಗರು ಹೊಸದುರ್ಗವೆನ್ನುತ್ತಿದ್ದ ಕಾಞಂಗಾಡಿನಲ್ಲಿ ಸಮುದ್ರದ ಕರೆಯನ್ನು ಸೇರುತ್ತದೆ. ಕೊಡಗಿನಲ್ಲಿ ರೈಲು ಇಲ್ಲವಷ್ಟೆ; ಕರಿಕೆಯವರು ರೈಲು ಹತ್ತಬೇಕಾದರೆ ಆ ಊರಿಗೇ ಇಳಿಯಬೇಕು.

ಬೆಟ್ಟದ ನೆತ್ತಿಯಲ್ಲಿ ಸುರಿದ ಮಳೆ ಎರಡು ಪಾಲಾಗುತ್ತದೆ. ಪೂರ್ವಕ್ಕೆ ಹರಿದುದು ಕಾವೇರಿಯಾಗಿ ತಮಿಳುನಾಡನ್ನು ದಾಟಿ ಬಂಗಾಳಕೊಲ್ಲಿಯನ್ನು ಸೇರುತ್ತದೆ; ಪಶ್ಚಿಮಕ್ಕೆ ಹರಿದುದು ಚಂದ್ರಗಿರಿ ಹೊಳೆಯೊಡನೆ ಕಾಸರಗೋಡಿನ ಬಳಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ನಮ್ಮದು ಪಶ್ಚಿಮದ ಪಾಲು. ಆದುದರಿಂದಲೇ ಕೊಡಗೆಂದೊಡನೆ ಎಲ್ಲರೂ ನೆನೆಯುವ ಕಾಫಿಗಿಂತ ಅಡಿಕೆ, ತೆಂಗು, ರಬ್ಬರು, ಕಾಳುಮೆಣಸು ಇಲ್ಲಿ ಕಣ್ಣಿಗೆ ಬೀಳುತ್ತವೆ. ಮಾತಿನಲ್ಲಿಯೂ ಹಾಗೆಯೇ. ಗೌಡರ ಮನೆಮಾತಾದ ಅರೆಭಾಷೆ, ಮಲಯಾಳ, ಶಾಲೆಯ ಕನ್ನಡ, ಇವೆಲ್ಲ ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬರುತ್ತವೆ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ನಕ್ಷೆಯ ಮೇಲೆ ಗಡಿ ಎಳೆದರೂ ಸಂತೆ, ನೆಂಟಸ್ತಿಕೆ, ಔಷಧೋಪಚಾರ ಮೊದಲಿನಂತೆಯೇ ಆಚೆ ಈಚೆ ನಡೆದವು. 2020ರಲ್ಲಿ ಸೋಂಕಿನ ಭಯದಿಂದ ಗಡಿಯ ರಸ್ತೆಗಳನ್ನು ಮುಚ್ಚಿದಾಗ, ಆ ಗಡಿ ಎಂಥದೆಂಬುದು ನನ್ನ ಪ್ರಾಯದವರಿಗೆ ಮೊದಲ ಬಾರಿ ಮನವರಿಕೆಯಾಯಿತು. ಇತಿಹಾಸ ಮತ್ತು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ನೋಡಲು ಇದಕ್ಕಿಂತ ಹೆಚ್ಚಿನದೇನು ಬೇಕು?

ಹೋಗುವ ಕಾಲವನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರಲೇ ಕೂಡದು. ಮಳೆಯನ್ನು ನೋಡುವ ಆಸೆ ಪಟ್ಟಣದವರಿಗೆ ಬಹಳ. ಆದರೆ ಮರ ಬಿದ್ದು ರಸ್ತೆ ಮುಚ್ಚಿದರೆ ಅತಿಥಿಯನ್ನು ಕಾಯುವ ಭಾರವೂ ಊರಿನ ಮೇಲೆಯೇ ಬೀಳುತ್ತದೆ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಿನ ಗುಡ್ಡಗಳು ಕುಸಿದುದನ್ನು ಯಾರೂ ಮರೆತಿಲ್ಲ. 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿ ಅರ್ಚಕರ ಮನೆಯೇ ಕೊಚ್ಚಿಹೋಯಿತು. ಅಕ್ಟೋಬರ್ ನಡುವಿನ ತುಲಾಸಂಕ್ರಮಣದ ವೇಳೆಗೆ ಭಾಗಮಂಡಲದಲ್ಲಿ ಜನಜಾತ್ರೆ. ಆದಕಾರಣ ನವೆಂಬರ್ ಕೊನೆಯಿಂದ ಜನವರಿಯವರೆಗಿನ ಕಾಲವೇ ಪ್ರಶಸ್ತ. ಆಗ ಅಡಿಕೆಯ ಕೊಯ್ಲು, ರಬ್ಬರಿನ ಹಾಲು, ಒಳ್ಳೆಯ ಚಳಿ ಮೂರೂ ಇರುತ್ತವೆ. ಇನ್ನೂ ತಡಮಾಡಿದರೆ ರಬ್ಬರು ಮರ ಎಲೆ ಉದುರಿಸಿ ನಿಲ್ಲುತ್ತದೆ, ಕೆಲಸವೂ ನಿಲ್ಲುತ್ತದೆ.

ಮೊದಲನೆಯ ದಿನ ದಾರಿಗೆ ಮೀಸಲು. ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿಲೋಮೀಟರು. ಅಲ್ಲಿ ಸಂಗಮದಲ್ಲಿ ಕಾಲು ತೊಳೆದು, ಭಗಂಡೇಶ್ವರನ ಗುಡಿಯ ಮರದ ಕೆತ್ತನೆಯನ್ನು ನಿಧಾನವಾಗಿ ನೋಡಿ, ಹೊತ್ತು ಇಳಿಯುವ ಮೊದಲೇ ಕಾಡನ್ನು ದಾಟಬೇಕು. ಆ ದಾರಿಯಲ್ಲಿ ಆನೆಯ ಸಂಚಾರವಿದೆ. ರಾತ್ರಿಯ ಪಯಣ ಸಾಹಸವಲ್ಲ, ಅವಿವೇಕ. ಬಸ್ಸಿನ ವೇಳೆಯನ್ನು ಮೊಬೈಲಿನಲ್ಲಿ ಹುಡುಕದೆ ಮಡಿಕೇರಿಯ ನಿಲ್ದಾಣದಲ್ಲಿಯೇ ಕೇಳಿಕೊಳ್ಳುವುದು ಮೇಲು. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಹೆಂಗಸರಿಗೆ ಟಿಕೆಟಿಲ್ಲ. ಹಾಗಾಗಿ ವಿದ್ಯಾರ್ಥಿನಿಯರಿಗೆ ದಾರಿಯ ಖರ್ಚು ಬಹುಮಟ್ಟಿಗೆ ಉಳಿಯುತ್ತದೆ.

ಎರಡನೆಯ ದಿನ ವಾಹನದ ಮಾತೇ ಬೇಡ. ಬೆಳಕು ಹರಿಯುವ ಮೊದಲೇ ಎದ್ದು ರಬ್ಬರು ತೋಟಕ್ಕೆ ಹೋಗಬೇಕು, ಏಕೆಂದರೆ ಬಿಸಿಲೇರಿದಂತೆ ಹಾಲಿನ ಹರಿವು ಕುಗ್ಗುತ್ತದೆ. ತೊಗಟೆಯನ್ನು ಓರೆಯಾಗಿ ಕೂದಲೆಳೆಯಷ್ಟು ಕೆತ್ತುವುದು, ಗೆರಟೆಯಲ್ಲಿ ಹಾಲು ಹಿಡಿಯುವುದು, ಆಮ್ಲ ಬೆರಸಿ ಹೆಪ್ಪುಗಟ್ಟಿಸಿ ಯಂತ್ರದಲ್ಲಿ ಒತ್ತಿ ಹಾಳೆ ಮಾಡುವುದು, ಹೊಗೆಯಲ್ಲಿ ಒಣಗಿಸುವುದು, ಇದನ್ನೆಲ್ಲ ಒಮ್ಮೆ ಕಣ್ಣಾರೆ ಕಂಡವರು ಸೈಕಲ್ಲಿನ ಚಕ್ರವನ್ನು ಬೇರೆ ದೃಷ್ಟಿಯಿಂದ ನೋಡುತ್ತಾರೆ. ಕತ್ತಿ ಸ್ವಲ್ಪ ಆಳಕ್ಕಿಳಿದರೆ ಮರಕ್ಕೆ ಗಾಯವಾಗಿ ಆ ಜಾಗ ಮುಂದೆ ಸರಿಯಾಗಿ ಹಾಲು ಕೊಡದು. ಎಷ್ಟು ಆಳವೆಂಬುದನ್ನು ಕೈ ಕಲಿಯಬೇಕು. ಮಧ್ಯಾಹ್ನ ಅಡಿಕೆಯಂಗಳ, ಸಂಜೆ ಹೊಳೆ, ರಾತ್ರಿ ಜಗಲಿಯ ಮಾತು. ಮೂರನೆಯ ದಿನ ಗಡಿ ದಾಟಿ ಪಾಣತ್ತೂರಿನ ಪೇಟೆಯನ್ನು ಕಂಡು, ಕಾಲಿಗೆ ಕಸುವಿದ್ದವರು ಕೇರಳದ ಅರಣ್ಯ ಇಲಾಖೆಯವರಲ್ಲಿ ಟಿಕೆಟ್ಟು ಪಡೆದು ರಾಣಿಪುರದ ಹುಲ್ಲುಬೆಟ್ಟವನ್ನು ಹತ್ತಬಹುದು. ಆದರೆ ತಲಕಾವೇರಿ ವನ್ಯಧಾಮದೊಳಗೆ ಅಪ್ಪಣೆಯಿಲ್ಲದೆ ಕಾಲಿಡಕೂಡದು. ಮಂಗಟ್ಟೆಹಕ್ಕಿಯನ್ನು ನೋಡಬೇಕೆನ್ನುವವರು ತೋಟದ ಅಂಚಿನಲ್ಲಿ ಬಾಯಿಮುಚ್ಚಿ ಕುಳಿತರೆ ಸಾಕು; ಅದರ ಅದೃಷ್ಟವೂ ನಮ್ಮ ಅದೃಷ್ಟವೂ ಕೂಡಿದರೆ ಕಾಣುತ್ತದೆ.

ಸಿದ್ಧತೆಯಲ್ಲಿ ಎಲ್ಲರೂ ಮರೆಯುವ ಒಂದು ಭಾಗವಿದೆ; ಅದು ಮನೆಯವರ ಭಾಗ. ಹಳ್ಳಿಯವರು ಅತಿಥಿಸತ್ಕಾರದಲ್ಲಿ ಎತ್ತಿದ ಕೈ ಎಂದು ಹೊಗಳಿಬಿಡುವುದು ಸುಲಭ. ಆ ಸತ್ಕಾರವೆಂದರೆ ಹೆಂಗಸರು ಬೆಳಗಿನ ಜಾವ ಎದ್ದು ನೀರು ಕಾಯಿಸುವುದು, ಹನ್ನೆರಡು ಜನಕ್ಕೆ ಕಡುಬು ಬೇಯಿಸುವುದು, ಅವರೆಲ್ಲ ಉಂಡಮೇಲೆ ಉಣ್ಣುವುದು. ಕೊಟ್ಟರೆ ‘ಬೇಡ’ ಎನ್ನುತ್ತಾರೆ. ಆ ಮಾತನ್ನು ನಂಬಿ ಕೈತೊಳೆದುಕೊಂಡು ಬರುವುದು ವಿದ್ಯಾವಂತರಿಗೆ ಸಲ್ಲದು. ಆದುದರಿಂದ ತಂಡ ಹನ್ನೆರಡು ಜನಕ್ಕೆ ಮೀರಬಾರದು. ನೋಂದಾಯಿತ ಹೋಂಸ್ಟೇಯಾಗಲಿ, ಸಹಪಾಠಿಯ ಬಂಧುಗಳ ಮನೆಯಾಗಲಿ, ದಿನಕ್ಕಿಷ್ಟೆಂದು ಮೊದಲೇ ಮಾತಾಡಿ, ಅರ್ಧ ಹಣವನ್ನು ಮುಂಗಡವಾಗಿ ಮನೆಯಾಕೆಯ ಕೈಗೇ ಕೊಡಬೇಕು. ತೆಂಗಿನಕಾಯಿ ತುರಿಯುವುದು, ನೀರು ಹೊರುವುದು, ಪಾತ್ರೆ ಬೆಳಗುವುದು ಅತಿಥಿಗಳ ಪಾಲಿಗಿರಲಿ. ಗಂಡುಹುಡುಗರ ಪಾಲಿಗೂ ಇರಲಿ. ಧ್ವನಿವರ್ಧಕ ಬೇಡ. ಕೇಳದೆ ಯಾರ ಚಿತ್ರವನ್ನೂ ತೆಗೆಯುವುದು ಬೇಡ. ತಂದ ಪ್ಲಾಸ್ಟಿಕ್ಕನ್ನು ತಂದವರೇ ಹಿಂದಕ್ಕೆ ಒಯ್ಯಬೇಕು.

ಇಷ್ಟು ಹೇಳಿದಮೇಲೆ ಒಂದು ಆಕ್ಷೇಪಣೆ ಬರುವುದು ಸಹಜ. ಇಂದು ಹನ್ನೆರಡು ಜನರನ್ನು ಕರೆದರೆ ನಾಳೆ ಹನ್ನೆರಡು ಬಸ್ಸು ಬಂದಾವು. ಪೇಟೆಗಳ ಹತ್ತಿರದ ಗುಡ್ಡಗಳಿಗಾದ ಗತಿ ಕರಿಕೆಗೂ ಆದೀತು. ಊರನ್ನು ಅದರ ಪಾಡಿಗೆ ಬಿಡುವುದೇ ಲೇಸಲ್ಲವೇ? ಇದು ತೂಕವುಳ್ಳ ಮಾತು. 2018ರ ಕುಸಿತಕ್ಕೆ ಅತಿವೃಷ್ಟಿಯ ಜೊತೆಗೆ ಇಳಿಜಾರುಗಳನ್ನು ಕಡಿದು ಸಮಮಾಡಿದುದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದಾರೆ. ಆದರೆ ಗುಡ್ಡ ಕಡಿಯುವುದು ಬೆಟ್ಟದ ದೃಶ್ಯವನ್ನು ಮಾರುವ ಕಟ್ಟಡಕ್ಕಾಗಿ; ಇರುವ ಮನೆಯ ಇರುವ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗುವವರಿಗಾಗಿ ಯಾರೂ ಗುಡ್ಡ ಕಡಿಯುವುದಿಲ್ಲ. ಮೇಲಾಗಿ ಊರನ್ನು ಅದರ ಪಾಡಿಗೆ ಬಿಟ್ಟರೆ ಅಲ್ಲಿನ ಹುಡುಗರು ಊರಲ್ಲಿ ಉಳಿಯುತ್ತಾರೆಂಬ ಭರವಸೆಯೂ ಇಲ್ಲ. ಓದಿದವರು ಬೆಂಗಳೂರಿಗೋ ಮಂಗಳೂರಿಗೋ ಹೋಗುತ್ತಾರೆ, ನಾನೂ ಹೋಗಬೇಕಾದೀತು. ತನ್ನ ಊರಿನಲ್ಲಿ ನೋಡುವುದಕ್ಕೂ ಕಲಿಯುವುದಕ್ಕೂ ಏನೋ ಇದೆಯೆಂದು ಹೊರಗಿನವರು ಬಂದು ಕೇಳಿದಾಗ ಊರಿನವನಿಗೆ ಆಗುವ ಧೈರ್ಯವನ್ನು ಸಣ್ಣದೆಂದು ಎಣಿಸಬಾರದು.

ಹೆಣ್ಣುಮಕ್ಕಳನ್ನು ಮನೆಯವರು ಕಳುಹಿಸುವುದಿಲ್ಲವೆಂಬ ಮಾತೂ ಇದೆ. ಗೊತ್ತಿಲ್ಲದ ಊರುಗಳ ವಸತಿಗೃಹಗಳಿಗೆ ಹೋಗುವ ರಾತ್ರಿಯ ಬಸ್ಸಿಗೆ ಕಳುಹಿಸಲು ಅವರು ಹಿಂಜರಿದರೆ ತಪ್ಪೇನು? ಗೊತ್ತಿರುವ ಊರು, ಗೊತ್ತಿರುವ ಮನೆ, ಜೊತೆಗೆ ಒಬ್ಬ ಅಧ್ಯಾಪಿಕೆ ಎಂದರೆ ಅಪ್ಪಂದಿರ ಉತ್ತರ ಬದಲಾಗುವುದೆಂದು ನನ್ನ ನಂಬಿಕೆ. ಖರ್ಚಿನ ವಿಷಯವೂ ಹಾಗೆಯೇ. ಪ್ರತಿವರ್ಷವೂ ಪ್ರವಾಸದ ಹಣ ಕೊಡಲಾರದೆ ‘ಮನೆಯಲ್ಲಿ ಕೆಲಸವಿದೆ’ ಎಂದು ಹೇಳಿ ಉಳಿದುಬಿಡುವವರು ನಮ್ಮ ತರಗತಿಯಲ್ಲಿಯೇ ಇದ್ದಾರೆ. ಅವರ ಹೆಸರುಗಳು ಎಲ್ಲರಿಗೂ ಗೊತ್ತು, ಕಾರಣವೂ ಗೊತ್ತು. ಅವರು ಬರಲಾಗದ ವಿಹಾರವನ್ನು ಕಾಲೇಜಿನ ವಿಹಾರವೆನ್ನಲು ನನಗೆ ಮನಸ್ಸಿಲ್ಲ. ಬಾಡಿಗೆ ಬಸ್ಸನ್ನೂ ನಿತ್ಯದ ಹೋಟೆಲನ್ನೂ ಕಳೆದರೆ ಖರ್ಚಿನ ಬಹುಭಾಗ ಕಳೆದಂತೆಯೇ.

ಈ ವರ್ಷಕ್ಕೆ ನನ್ನ ಕಾಲೇಜು ಮುಗಿಯುತ್ತದೆ. ಮುಂದಿನ ವರ್ಷದ ವಿದ್ಯಾರ್ಥಿ ಸಂಘದವರಲ್ಲಿಯೂ ಅಧ್ಯಾಪಕ ವರ್ಗದವರಲ್ಲಿಯೂ ನನ್ನ ಅರಿಕೆ ಇಷ್ಟು: ಒಂದು ಬಸ್ಸಿನ ಬದಲು ನಾಲ್ಕು ತಂಡಗಳನ್ನು ಮಾಡಿ, ನಾಲ್ಕು ಹಳ್ಳಿಗಳಿಗೆ ಕಳುಹಿಸಿರಿ. ಊರುಗಳನ್ನು ವಿದ್ಯಾರ್ಥಿಗಳೇ ಸೂಚಿಸಲಿ. ನಮ್ಮಲ್ಲಿ ಹಳ್ಳಿಯಿಂದ ಬಂದವರೇ ಹೆಚ್ಚಲ್ಲವೇ? ಪ್ರತಿ ತಂಡವೂ ಆ ಊರಿನ ಗದ್ದೆ, ತೋಡು, ಗುಡ್ಡಗಳ ಹೆಸರುಗಳನ್ನೂ ಅಲ್ಲಿನ ಮಾತಿನ ನೂರು ಶಬ್ದಗಳನ್ನೂ ಬರೆದುಕೊಂಡು ಬಂದು ಇದೇ ಸಂಚಿಕೆಯಲ್ಲಿ ಅಚ್ಚುಮಾಡಲಿ. ಅದರ ಒಂದು ಪ್ರತಿಯನ್ನು ಉಳಿಸಿಕೊಂಡ ಮನೆಗೆ ಕಳುಹಿಸಲಿ. ಮೊದಲನೆಯ ತಂಡ ಕರಿಕೆಗೆ ಬರುವುದಾದರೆ ಯಾರ ಮನೆಯಲ್ಲಿ ಎಷ್ಟು ಜನ ಇರಬಹುದೆಂದು ಊರಲ್ಲಿ ವಿಚಾರಿಸಿ ತಿಳಿಸುವ ಕೆಲಸ ನನ್ನದು.